ನಲವತ್ತಮೂರನೆಯ ಬಿಲ್ಲೆ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟೀ ಮಾರುವವನು ನಾನು ಕೊಟ್ಟ ಚಿಲ್ಲರೆಯನ್ನು ಅಂಗೈಯಲ್ಲಿ ಹರಡಿ ನೋಡಿ, ಒಂದನ್ನು ಆರಿಸಿ ವಾಪಸು ಕೊಟ್ಟ. "ಇದು ನಡಿಯಲ್ಲ ಮೇಡಂ. ಯಾವ ದೇಶದ್ದಿದು?" ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ತಗಡಿನ ಬಿಲ್ಲೆ. ಒಂದು ಮಗ್ಗುಲಲ್ಲಿ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಮೂಡಿಸಿದ ನಲವತ್ತಮೂರು. ಇನ್ನೊಂದು ಮಗ್ಗುಲಲ್ಲಿ ಯಾವುದೋ ಎಣ್ಣೆ ಡಬ್ಬದ ಹಳದಿ ಬಣ್ಣ, ಅದರ ಮೇಲೊಂದು ಹಸಿರೆಲೆಯ ತುದಿ. ಪರ್ಸಿನ ಮೂಲೆಯಲ್ಲಿ ಅದು ಇದ್ದದ್ದೇ ಮರೆತಿತ್ತು. ಮೂಗಿನ ಹತ್ತಿರ ಹಿಡಿದೆ. ಕಡಲೆಕಾಯಿ ಎಣ್ಣೆಯ ವಾಸನೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ಬೆವರಿದ ಕೈಯದು, ಹಳೆಯ ಟಿಕೆಟ್ಟುಗಳದು, ಅಷ್ಟೆ. ಮಾರಿಕುಪ್ಪಂ ಗಾಡಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಆ ಬಿಲ್ಲೆಯ ವರ್ಷವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಸೆಮಿನಾರುಗಳಲ್ಲಿ ಹೇಳಿದಾಗ ಅದಕ್ಕೆ ಒಂದು ಆರಂಭ, ಒಂದು ತಿರುವು, ಒಂದು ಗೆಲುವು ತಾವಾಗಿ ಬಂದು ಸೇರಿಕೊಳ್ಳುತ್ತವೆ. ಎಲ್ಲರೂ ಒಳ್ಳೆಯವರಾಗುತ್ತಾರೆ, ನಾನಂತೂ ತುಸು ಹೆಚ್ಚೇ. ಹೇಳಿ ಹೇಳಿ ನುಣುಪಾದದ್ದನ್ನು ಕೆರೆದು ತೆಗೆದು ಬರೆಯಬೇಕು ಅನ್ನಿಸಿದ್ದು, ಆಗ ಗಾಡಿ ಕಾಯುತ್ತ ಕೂರುತ್ತಿದ್ದ ಅದೇ ಬೆಂಚಿನ ಮೇಲೆ ಕೂತಾಗ. ಅದೇ ಬೆಂಚು ಎಂದೆ. ಅದೂ ಖಾತ್ರಿಯಿಲ್ಲ. ಸ್ಟೇಷನ್ನಿನ ಬೆಂಚುಗಳೆಲ್ಲ ಒಂದೇ ಥರ ಇರುತ್ತವೆ.

ನಾನು ಕೆಜಿಎಫ್‌ನವಳೇ, ಆದರೆ ಕಾರ್ಖಾನೆ ಕ್ವಾರ್ಟರ್ಸಿನವಳು. ಅಪ್ಪ ಹಾವೇರಿ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ಊರಿಗಾಂನ ಲೈನುಗಳು, ಎಂದರೆ ಗಣಿ ಕೆಲಸಗಾರರಿಗೆಂದು ಗೋಡೆಗೆ ಗೋಡೆ ಅಂಟಿಸಿ ಸಾಲಾಗಿ ಕಟ್ಟಿದ ಮನೆಗಳು, ನನಗೆ ಸ್ಕೂಲ್ ಬಸ್ಸಿನ ಕಿಟಕಿಯಿಂದ ಮಾತ್ರ ಗೊತ್ತಿದ್ದವು. ಆಷಾಢದ ಗಾಳಿಗೆ ಗಣಿಯ ತ್ಯಾಜ್ಯದ ಗುಡ್ಡದಿಂದ ಬೂದು ಧೂಳು ಎದ್ದು ಆ ಹೆಂಚುಗಳ ಮೇಲೆ ಹೋಗುವಾಗ ನಾವು ಬಸ್ಸಿನ ಗಾಜು ಏರಿಸಿ ಕೂರುತ್ತಿದ್ದೆವು. ಪಿಎಚ್‌ಡಿಗೆ ವಿಷಯ ಹುಡುಕುವಾಗ ಆ ಗಾಜು ನೆನಪಾಯಿತು ಎಂದು ಹೇಳುತ್ತ ಬಂದಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಗೈಡ್ ಸರ್ ಬಳಿ ಧೂಳಿನ ಕಣ ಅಳೆಯುವ ಯಂತ್ರವೊಂದಿತ್ತು, ನನಗೆ ಮನೆಯಿಂದ ಓಡಾಡಬಹುದಾದ ಜಾಗವೊಂದು ಬೇಕಿತ್ತು. ಅಪ್ಪ ಕೇಳಿದರು: "ಏನವ್ವಾ, ಕಸಬರಗಿ ಹಿಡದ್ರ ಹೋಗೂ ಧೂಳಿಗೆ ಡಾಕ್ಟರಕಿ ಯಾಕ?"

ಮೊದಲನೆಯ ಆಷಾಢದಲ್ಲಿ ನಲವತ್ತೆರಡು ಮನೆಗಳಲ್ಲಿ ಧೂಳು ಹಿಡಿದೆ. ಒಂದೊಂದು ಮನೆಯ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ತಟ್ಟೆ, ವಾರಕ್ಕೊಮ್ಮೆ ಅದರಲ್ಲಿ ಕೂತ ಧೂಳನ್ನು ಬ್ರಶ್ಶಿನಿಂದ ಗುಡಿಸಿ ಪೊಟ್ಟಣ ಕಟ್ಟುವುದು. ತಟ್ಟೆಗಳು ಆಯಾ ಮನೆಯವರದೇ. ಎರಡನೇ ವಾರಕ್ಕೆ ನನ್ನ ಹೆಸರು ಧೂಳ್ ಮೇಡಂ ಎಂದಾಯಿತು. ನಾನು ಮೊದಲು ಹೋದದ್ದು ರತ್ನಮ್ಮನ ಮನೆಗೆ. ಬೂದಿಕೋಟೆ ಪಕ್ಕದ ಹಳ್ಳಿಯಿಂದ ಈ ಲೈನಿಗೆ ಮದುವೆಯಾಗಿ ಬಂದವಳು, ಬೆಳಗಿನ ಗಾಡಿಗೆ ಬಂಗಾರಪೇಟೆಯ ಅಕ್ಕಿ ಮಿಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. "ಅನ್ನ ಇಕ್ಕೋ ತಟ್ಟೇಲಿ ಧೂಳ್ ಇಕ್ಕಿಸ್ತೀಯಲ್ಲ ಮೇಡಮ್ಮ, ಊಟಕ್ಕೆ ಎಲೆ ನೀನ್ ತಂದ್ಕೊಡ್ತೀಯಾ?" ಎಂದಳು. ತಟ್ಟೆ ಮಾತ್ರ ಎತ್ತಿಕೊಡುತ್ತಲೇ ಇದ್ದಳು.

ಬಿಲ್ಲೆಗಳು ಬಂದದ್ದು ಅವಳ ಮಾವ ಚಿನ್ನಪ್ಪನಿಂದ. ಗಣಿ ಮುಚ್ಚುವವರೆಗೂ ಗಣಿಯ ಬಾಯಲ್ಲಿ ಕೂತು ಬಿಲ್ಲೆ ಕೊಡುವುದು ಅವನ ಕೆಲಸವಾಗಿತ್ತು. ಕೆಳಗಿಳಿಯುವವನಿಗೆ ನಂಬರಿನ ಒಂದು ಬಿಲ್ಲೆ. ಮೇಲೆ ಬಂದ ಮೇಲೆ ಅವನು ಅದನ್ನು ವಾಪಸು ಕೊಡಬೇಕು, ಅದು ಹಲಗೆಯ ಮೇಲೆ ತನ್ನ ಮೊಳೆಗೆ ಹೋಗಬೇಕು. ಮೊಳೆ ಖಾಲಿಯೆಂದರೆ ಒಬ್ಬ ಇನ್ನೂ ಕೆಳಗಿದ್ದಾನೆ. ಹಲಗೆ ತುಂಬುವವರೆಗೆ ಚಿನ್ನಪ್ಪ ಎದ್ದು ಮನೆಗೆ ಹೋಗುವ ಹಾಗಿರಲಿಲ್ಲ. ಅವನು ನನ್ನ ಪೊಟ್ಟಣಗಳನ್ನು ಒಂದಷ್ಟು ಹೊತ್ತು ನೋಡಿ ಹೇಳಿದ:

"ಎಷ್ಟ್ ಜನ ಬಂದ್ರು ಪಾಪಾ ಇಲ್ಲಿಗೆ. ರಕ್ತ ತಗಂಡೋದ್ರು, ನೀರ್ ತಗಂಡೋದ್ರು, ಫೋಟೋ ತಗಂಡೋದ್ರು. ಇಳಿದಿದ್ದು ನೋಡಿವ್ನಿ, ಮೇಲಕ್ ಬಂದಿದ್ ಒಬ್ರನ್ನೂ ನೋಡಿಲ್ಲ."

ಮುಂದಿನ ವಾರ ಹೋದಾಗ ಎಣ್ಣೆ ಡಬ್ಬ, ಬಿಸ್ಕತ್ತಿನ ಡಬ್ಬ, ಪೇಂಟಿನ ಡಬ್ಬಗಳನ್ನು ತಗಡು ಕತ್ತರಿಯಿಂದ ಕತ್ತರಿಸಿ ನಲವತ್ತೆರಡು ಬಿಲ್ಲೆ ಮಾಡಿಟ್ಟಿದ್ದ. ಒಂದು ಹಲಗೆಗೆ ಮೊಳೆ ಹೊಡೆದು ಗೋಡೆಗೆ ನೇತುಹಾಕಿದ್ದ. ಧೂಳು ಕೊಟ್ಟ ಮನೆಗೆ ಒಂದು ಬಿಲ್ಲೆ. ಆ ಧೂಳಿನಿಂದ ಏನು ಗೊತ್ತಾಯಿತು ಎಂಬುದು ಬರವಣಿಗೆಯಲ್ಲಿ ವಾಪಸು ಬಂದ ದಿನ ಮನೆಯವರು ಬಿಲ್ಲೆ ತಿರುಗಿ ಕೊಡಬೇಕು. ನನಗೂ ಒಂದು ಕೊಟ್ಟ. "ತಗಂಡೋಗೋಳು ನೀನಲ್ವಾ? ನೀನೂ ಇಳಿದಂಗೇ." ನಲವತ್ತಮೂರು.

ನನಗೆ ಅದರಿಂದ ಅನುಕೂಲವೇ ಆಯಿತು. ಲೇಖನದಲ್ಲಿ ಯಾರ ಹೆಸರೂ, ಮನೆ ನಂಬರೂ ಇರಬಾರದೆಂಬುದು ವಿಶ್ವವಿದ್ಯಾಲಯದ ಸಮಿತಿಯ ಷರತ್ತು. ಬಿಲ್ಲೆಯ ನಂಬರನ್ನೇ ಕೋಷ್ಟಕಕ್ಕೆ ಹಾಕಿದೆ. ತನ್ನ ಸಾಲು ಯಾವುದೆಂದು ಆ ಬಿಲ್ಲೆ ಇಟ್ಟುಕೊಂಡವರಿಗೆ ಮಾತ್ರ ಗೊತ್ತು. ಯಾವ ಮನೆಗೆ ಯಾವ ಬಿಲ್ಲೆ ಎಂಬ ಪಟ್ಟಿ ನನ್ನ ಹತ್ತಿರ ಒಂದಿತ್ತು. ಲೇಖನ ಒಪ್ಪಿಗೆಯಾದ ಮೇಲೆ ಅದನ್ನು ನಾಶ ಮಾಡಬೇಕಿತ್ತು.

ಗೊತ್ತಾದದ್ದು ದೊಡ್ಡ ಸಂಗತಿಯೇನಲ್ಲ, ಆದರೆ ಆ ಲೈನಿಗೆ ಬೇಕಾದದ್ದು. ಗಾಳಿ ಎದ್ದಾಗ ಎಲ್ಲರೂ ಗುಡ್ಡದ ಕಡೆಯ ಕಿಟಕಿ ಮುಚ್ಚುತ್ತಿದ್ದರು. ಧೂಳು ಸೂರನ್ನು ಹಾರಿ, ಗಾಳಿ ಸತ್ತ ಆಚೆ ಬದಿಗೆ ಇಳಿದು, ಅಲ್ಲಿ ತೆರೆದಿದ್ದ ಕಿಟಕಿಯಿಂದ ಒಳಗೆ ಬರುತ್ತಿತ್ತು. ರತ್ನಮ್ಮ ಕುಡಿಯುವ ನೀರಿನ ಬಿಂದಿಗೆ ಇಡುತ್ತಿದ್ದದ್ದು ಸರಿಯಾಗಿ ಆ ಕಿಟಕಿಯ ಕೆಳಗೆ.

ಮರುವರ್ಷ ಆಷಾಢಕ್ಕೆ ಮೊದಲು ಲೇಖನ ಒಪ್ಪಿಗೆಯಾಯಿತು. ಒಳ್ಳೆಯ ಹೆಸರಿನ ವಿದೇಶೀ ಪತ್ರಿಕೆ. ಅದರ ಒಪ್ಪಂದದ ಕಾಗದ ಫೋನಿಗೆ ಬಂದಾಗ ನಾನು ಬಂಗಾರಪೇಟೆಯ ಬೆಂಚಿನ ಮೇಲೆ ಗಾಡಿ ಕಾಯುತ್ತಿದ್ದೆ. ಸರ್ ಫೋನ್ ಮಾಡಿ, "ಇವತ್ತೇ ಮುಗಿಸಿಬಿಡು, ಶೈಲಾ" ಎಂದರು. ಗಾಡಿ ಬರುವ ಘೋಷಣೆ ಆಗುತ್ತಿತ್ತು. ಬೆರಳಿನಿಂದ ಪುಟಗಳನ್ನು ತಳ್ಳಿದೆ, ಎರಡು ಕಡೆ ಒತ್ತಿದೆ, ಹಕ್ಕುಗಳೆಲ್ಲ ಪ್ರಕಾಶಕರದಾದವು. ಗಾಡಿಯಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆ ಸಂತೋಷ ಮಾತ್ರ ಚೆನ್ನಾಗಿ ನೆನಪಿದೆ. ಮನೆಗೆ ಹೋಗಿ ಪಟ್ಟಿಯನ್ನು ಚೂರು ಚೂರು ಹರಿದು ಹಾಕಿದೆ.

ಲೇಖನ ಪ್ರಕಟವಾದ ವಾರ ಒಂದು ಖಾಲಿ ಬಿಸ್ಕತ್ತಿನ ಡಬ್ಬ ಹಿಡಿದು ಲೈನಿಗೆ ಹೋದೆ. ಗಾಳಿ ಶುರುವಾಗಿತ್ತು. ಬಟ್ಟೆ ಹೊಲಿಯುವ ಸೆಲ್ವಿ ಮಿಷನ್ನಿನಿಂದ ಏಳದೆಯೇ ತಮಿಳು ಬೆರೆಸಿ ಕೇಳಿದಳು: "ವಂದಾಚ್ಚಾ? ಬಂದ್ಬಿಡ್ತಾ ಮೇಡಂ?" ಬಂತು ಅಂದೆ. "ಇಂದಾಂಗ, ತಗೊಳ್ಳಿ" ಎಂದು ಮಿಷನ್ನಿನ ಡ್ರಾಯರಿನಿಂದ ಬಿಲ್ಲೆ ತೆಗೆದು ಡಬ್ಬಕ್ಕೆ ಹಾಕಿದಳು. ಯಾರೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಗಣಿಯ ಮನೆಗಳಲ್ಲಿ ಕೆಲಸ ಮುಗಿಯಿತು ಎಂದರೆ ಬಿಲ್ಲೆ ವಾಪಸು ಕೊಡುವುದು ಮೂರು ತಲೆಮಾರಿನ ರೂಢಿ. ಹತ್ತೊಂಬತ್ತು ಮನೆ ಮುಗಿಸಿ ರತ್ನಮ್ಮನ ಬಾಗಿಲಿಗೆ ಬಂದಾಗ ಅವಳು ಆಗಷ್ಟೇ ಮಿಲ್ಲಿನಿಂದ ಬಂದಿದ್ದಳು, ತಲೆಗೂದಲಲ್ಲಿ ತೌಡು.

"ಬಂತಾ? ಎಲ್ಲಿ, ತೋರ್ಸು."

ಫೋನಿನಲ್ಲಿ ತೆರೆದೆ. ನನ್ನ ಹೆಸರು, ಸರ್ ಹೆಸರು, ಎಂಟು ಸಾಲಿನ ಸಾರಾಂಶ. ಅದರ ಕೆಳಗೆ ಪುಟ್ಟ ಬೀಗದ ಚಿತ್ರ, ಡಾಲರಿನಲ್ಲಿ ಒಂದು ಬೆಲೆ. ಮತ್ತೆ ತೆರೆದೆ. ಮತ್ತೆ ಬೀಗ. ಕ್ಯಾಂಪಸ್ಸಿನಲ್ಲಿ ನೋಡುವಾಗ ಬೀಗ ಇರಲೇ ಇಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯ ಚಂದಾ ಕಟ್ಟಿತ್ತು, ಅಲ್ಲಿನ ವೈಫೈ ನನಗೆ ತಿಳಿಯದಂತೆಯೇ ಬಾಗಿಲು ತೆಗೆದಿಡುತ್ತಿತ್ತು. ಐದು ವರ್ಷ ಆ ಬಾಗಿಲಲ್ಲಿ ಓಡಾಡಿದವಳಿಗೆ ಅದು ಬಾಗಿಲೆಂದೇ ಗೊತ್ತಿರಲಿಲ್ಲ.

"ಯಾಕ್ ಮೇಡಮ್ಮ, ನೆಟ್ ಬತ್ತಿಲ್ವಾ?"

"ನೆಟ್ ಇದೆ ರತ್ನಕ್ಕ. ಬೀಗ ಹಾಕಿದಾರೆ. ದುಡ್ಡು ಕಟ್ಟಿದವರು ಮಾತ್ರ ಓದಬಹುದು."

"ಧೂಳ್ ನಮ್ಮನೇದು, ತಟ್ಟೆ ನಮ್ಮನೇದು. ಬೀಗ ಯಾರ್ದು?"

ನಾನೇ ಹಾಕಿಸಿದ್ದು ಅಂದೆ. ಆಗಲೇ ಅಂದೆನೋ, ಎಷ್ಟೋ ದಿನದ ಮೇಲೆ ಗಾಡಿಯಲ್ಲಿ ಅಂದೆನೋ. ಆಗಲೇ ಅಂದಂತೆ ನೆನಪಿಟ್ಟುಕೊಳ್ಳುವುದು ನನಗೆ ಹಿತ.

ಚಿನ್ನಪ್ಪ ಒಳಗಿನಿಂದ ಬಂದ. ಅವನ ಕಣ್ಣು ಹೋದದ್ದು ಫೋನಿನ ಮೇಲಲ್ಲ, ಡಬ್ಬದ ಮೇಲೆ. ಅಲ್ಲಾಡಿಸಿ ಸದ್ದು ಕೇಳಿದ. ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮೇಲಕ್ಕೇ ಬಂದಿಲ್ಲ, ಬಿಲ್ಲೆ ಯಾಕೆ ಈಸ್ಕೊಂಡೆ? ಮೊಳೇಲಿ ಬಿಲ್ಲೆ ಐತೆ ಅಂದ್ರೆ ಕೆಳಗೆ ಯಾರೂ ಇಲ್ಲ ಅಂತ ಲೆಕ್ಕ. ಆಮೇಲೆ ಯಾರೂ ಉಡ್ಕಕ್ಕೋಗಲ್ಲ. ತಿಳೀತಾ? ಈಗ್ಲೇ ಓಗಿ ಯಾರ್ದು ಅವರಿಗ್ ಕೊಟ್ಬುಟ್ ಬಾ."

"ಯಾವುದು ಯಾರದು ಅಂತ ಗೊತ್ತಿಲ್ಲ ತಾತ. ಪಟ್ಟಿ ಹರಿದು ಹಾಕಿಬಿಟ್ಟೆ."

ಅವನು ಡಬ್ಬವನ್ನು ನನ್ನ ಕೈಗಿಟ್ಟು ಒಳಗೆ ಹೋದ.

ಒಬ್ಬೊಬ್ಬರಿಗೆ ಖಾಸಗಿಯಾಗಿ ಪ್ರತಿ ಕಳಿಸಲು ಅಡ್ಡಿಯಿರಲಿಲ್ಲ. ಮರುದಿನ ರತ್ನಮ್ಮನ ಫೋನಿಗೆ ಕಳಿಸಿದೆ. ಅವಳು ಅದರ ಪ್ರಿಂಟು ತೆಗೆಸಿಕೊಂಡು, ಲೈನಿಗೂ ಗುಡ್ಡಕ್ಕೂ ನಡುವಿನ ಖಾಲಿ ಜಾಗದಲ್ಲಿ ಹುಲ್ಲು, ಗಿಡ ಹಾಕಿಸಿ ಎಂಬ ಅರ್ಜಿಯ ಜೊತೆ ಕಚೇರಿಯೊಂದಕ್ಕೆ ಹೋದಳು. ನಾನೂ ಜೊತೆಗಿದ್ದೆ. ಎಂಜಿನಿಯರು ಚಿಕ್ಕ ವಯಸ್ಸಿನವನು, ಮರ್ಯಾದೆಯಿಂದಲೇ ಮಾತಾಡಿದ. "ಫೈಲಲ್ಲಿ ಹಾಕಿದ್ರೆ ನಾಳೆ ಮೇಲಿನವರು ಎಲ್ಲಿಂದ ಬಂತು ಇದು ಅಂತಾರೆ. ಲಿಂಕ್ ಬರೀಬೇಕು. ಲಿಂಕ್ ಒತ್ತಿದ್ರೆ ಬೀಗ ಬರುತ್ತೆ. ಪ್ರಿಂಟು ಯಾರು ಬೇಕಾದ್ರೂ ಟೈಪ್ ಮಾಡಬಹುದಲ್ವಾ ಮೇಡಂ?" ಹೊರಗೆ ಬಂದ ಮೇಲೆ ರತ್ನಮ್ಮ ಅಂದಳು: "ಬರೋ ಆಷಾಢದೊಳಗೆ ಬೀಗ ತೆಗ್ಸು. ನನ್ ಬಿಲ್ಲೆ ಕೊಡಲ್ಲ. ಮಿಕ್ಕೋರಿಗೂ ಏಳಿವ್ನಿ, ಕೊಡ್ಬ್ಯಾಡ್ರಿ ಅಂತ."

ತೆಗೆಸುವುದು ಎಂದು ಅವತ್ತೇ ತೀರ್ಮಾನಿಸಿದೆ. ಇದರಲ್ಲಿ ನನಗೆ ಅನುಮಾನವಿಲ್ಲ, ಯಾಕೆಂದರೆ ಅವತ್ತಿನ ಡೈರಿಯಲ್ಲಿ ಒಂದೇ ಸಾಲಿದೆ: ಗ್ರಂಥಾಲಯಕ್ಕೆ ಹೋಗು.

ಗ್ರಂಥಾಲಯದ ಎರಡನೇ ಮಹಡಿಯಲ್ಲಿ ನಸ್ರೀನ್ ಎಂಬ ಸಹಾಯಕ ಗ್ರಂಥಪಾಲಕಿ ಇದ್ದರು. ವಿಶ್ವವಿದ್ಯಾಲಯದವರು ಬರೆದದ್ದನ್ನೆಲ್ಲ ಯಾರು ಬೇಕಾದರೂ ಓದಲು ಇಡುವ ಜಾಲಭಂಡಾರವೊಂದು ಅವರ ಸುಪರ್ದಿನಲ್ಲಿತ್ತು. ಅದರಲ್ಲಿ ಇದ್ದದ್ದು ಹೆಚ್ಚಾಗಿ ವಾರ್ಷಿಕ ವರದಿಗಳು, ಘಟಿಕೋತ್ಸವದ ಫೋಟೋಗಳು. ನಾನು ಒಪ್ಪಂದದ ಕಾಗದ ಕೊಟ್ಟೆ. ಅವರು ಸ್ಕೇಲು ಇಟ್ಟುಕೊಂಡು ಒಂದೊಂದೇ ಸಾಲು ಓದಿದರು.

"ಸಹಿ ಹಾಕುವ ಮುಂಚೆ ಇದನ್ನು ಓದಿದ್ರಾ?"

"ಇಲ್ಲ."

"ಯಾರೂ ಓದಲ್ಲ ಬಿಡಿ. ಹತ್ತು ವರ್ಷದಲ್ಲಿ ಇದನ್ನು ತಗೊಂಡು ನನ್ನ ಹತ್ರ ಬಂದವರು ನೀವೇ ಮೊದಲು." ಆಮೇಲೆ ಸ್ಕೇಲು ಒಂದು ಕಡೆ ನಿಂತಿತು. "ಇಲ್ಲಿ ನೋಡಿ. ಅವರು ಅಚ್ಚು ಜೋಡಿಸಿದ ಪ್ರತಿ ಅವರದು, ಅದನ್ನು ಮುಟ್ಟಬಾರದು. ಆದರೆ ಒಪ್ಪಿಗೆಯಾದಾಗ ನಿಮ್ಮ ಕಂಪ್ಯೂಟರಿನಲ್ಲಿದ್ದ ಕೊನೆಯ ಕರಡು ಇದೆಯಲ್ಲ, ಅದನ್ನು ಪ್ರಕಟವಾದ ಒಂದು ವರ್ಷದ ಮೇಲೆ ನಮ್ಮ ಭಂಡಾರದಲ್ಲಿ ಇಡಬಹುದು. ಯಾವುದೇ ಒಬ್ಬ ಲೇಖಕರು ಇಡಬಹುದು. ಒಬ್ಬರು ಸಾಕು."

ಅಂದರೆ ಬೀಗ ಹಾಕಿದ ಕಾಗದದಲ್ಲೇ ಕೀಲಿಕೈಯೂ ಇತ್ತು, ಹನ್ನೊಂದನೆಯ ಕಲಮಿನಲ್ಲಿ. ನಾನು ಬೆರಳಿನಿಂದ ತಳ್ಳಿದ ಪುಟದಲ್ಲಿ.

ಒಂದು ವರ್ಷ ಕಾಯಬೇಕಿತ್ತು. ಆ ವರ್ಷದ ಬಹುಪಾಲು ನನಗೆ ಬೆಳಗಿನ ಗಾಡಿಯಾಗಿ ನೆನಪಿದೆ. ಬಂಗಾರಪೇಟೆಯವರೆಗೆ ರತ್ನಮ್ಮ ಇರುತ್ತಿದ್ದಳು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಕ್ಕೆ ನಾನೊಬ್ಬಳೇ. ಚಳಿಗಾಲದಲ್ಲಿ ಕಿಟಕಿ ಇಳಿಸಿ, ಬೇಸಿಗೆಯಲ್ಲಿ ಬಾಗಿಲ ಬಳಿ ನಿಂತು, ಲೇಖನದ ಸಾರವನ್ನು ಕನ್ನಡದಲ್ಲಿ ಬರೆದು ಅವಳಿಗೆ ಓದುತ್ತಿದ್ದೆ. ಇಂಗ್ಲಿಷಿನ ಕರಡಿನ ಜೊತೆಗೆ ಅದನ್ನೂ ಇಡುವುದೆಂದು ಹಟ ಹಿಡಿದಿದ್ದೆ. ಅವಳು ನನ್ನ ಮಾರ್ಗದರ್ಶಕರಿಗಿಂತ ಕಠಿಣ.

"'ಸೂಕ್ಷ್ಮ ಕಣಗಳ ಸಂಚಯನ.' ಅಂಗಂದ್ರೆ?"

"ಸಣ್ಣ ಧೂಳು ಬಂದು ಕೂರೋದು."

"ಮತ್ತೆ ಅಂಗೇ ಬರಿ. ಯಾರ್ನ ಎದ್ರಿಸ್ತೀಯಾ?"

ಎದುರು ಸೀಟಿನವರು ನಗುತ್ತಿದ್ದರು. ಒಂದು ದಿನ ಗಾಳಿಯ ಚಿತ್ರ ತೋರಿಸಿದೆ. ಗುಡ್ಡ, ಮನೆಯ ಸೂರು, ಸೂರು ದಾಟಿ ಬಾಗಿ ಇಳಿಯುವ ಬಾಣದ ಗುರುತು. ಬಾಣದ ತುದಿಯ ಮೇಲೆ ಬೆರಳಿಟ್ಟಳು. "ಇಪ್ಪತ್ತೆರಡು ವರ್ಷ ಗುಡ್ಡದ ಕಡೆ ಕಿಟ್ಕಿ ಮುಚ್ಚಿ ಈ ಕಡೇದು ತೆಗ್ದಿವ್ನಿ ಕಣೇ" ಎಂದಳು. ಅವಳು ಮೇಡಮ್ಮ ಬಿಟ್ಟು ಕಣೇ ಎಂದದ್ದು ಅವತ್ತೇ ಇರಬೇಕು. ಬಿಂದಿಗೆ ಅವತ್ತೇ ಜಾಗ ಬದಲಾಯಿಸಿತು. ಮಿಕ್ಕ ಮನೆಗಳಿಗೂ ಹೇಳಿದಳು. ಒಂದೆರಡು ಮನೆಯವರು ಕೇಳಿದರು. ಮಿಕ್ಕವರು, "ಎಂಗಸ್ರು ಟ್ರೇನಲ್ಲಿ ಕೂತು ಆಡಿದ್ದೆಲ್ಲ ಸೈನ್ಸಾಗ್ತದಾ?" ಅಂದರಂತೆ.

ವರ್ಷ ತುಂಬಲು ಒಂದು ತಿಂಗಳಿರುವಾಗ ಸರ್‌ಗೆ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯಾಕೆ ಬೇಕು ಈ ಉಸಾಬರಿ? ಪ್ರಕಟವಾಗಿದೆ, ನಿನಗೆ ಹೆಸರು ಬಂದಿದೆ. ಅದನ್ನು ಬೀದಿಗೆ ಬಿಟ್ಟರೆ ನಾಳೆ ಯಾರೋ ಅರ್ಧ ಸಾಲು ಕತ್ತರಿಸಿ ಟಿವಿಯಲ್ಲಿ ಹಾಕುತ್ತಾರೆ. ನನಗೆ ಒಂದು ಸಲ ಆಗಿದೆ. ನಾನು ಹೇಳದೇ ಇದ್ದದ್ದನ್ನು ನನ್ನ ಫೋಟೋ ಹಾಕಿ ಹೇಳಿಸಿದರು."

"ಅರ್ಧ ಸಾಲು ಕತ್ತರಿಸಿದರೆ ಪೂರ್ತಿ ಸಾಲು ಓದೋಕೆ ಎಲ್ಲರಿಗೂ ಸಿಗುತ್ತಲ್ಲ ಸರ್. ಈಗ ಅದೂ ಸಿಗಲ್ಲ."

"ನಿನ್ನ ಥೀಸಿಸ್ ನನ್ನ ಮೇಜಿನ ಮೇಲಿದೆ, ಅದರ ಕಡೆ ಗಮನ ಕೊಡು."

ಅದು ಬೆದರಿಕೆಯೋ ಬುದ್ಧಿಮಾತೋ ಎಂದು ಗಾಡಿಯಲ್ಲಿ ಬರುವಾಗ ತಿರುಗಿಸಿ ಮುರುಗಿಸಿ ನೋಡಿದೆ. ಇವತ್ತಿಗೂ ಗೊತ್ತಿಲ್ಲ. ಆದರೆ ಗೊತ್ತಾದ ಮೇಲೆ ಹೆಜ್ಜೆ ಇಡೋಣ ಎಂದು ಕೂರಲಿಲ್ಲ. ಅವರಿಗೊಂದು ಪತ್ರ ಬರೆದೆ: ಹನ್ನೊಂದನೆಯ ಕಲಮಿನ ಪ್ರಕಾರ ಇಂಥ ದಿನ ನಾನು ಕರಡನ್ನು ಭಂಡಾರದಲ್ಲಿ ಇಡುತ್ತೇನೆ, ತಪ್ಪಿದ್ದರೆ ಅಷ್ಟರೊಳಗೆ ತಿಳಿಸಬೇಕು. ಅವರು ತಿಳಿಸಲಿಲ್ಲ. ಆ ದಿನ ನಸ್ರೀನ್ ಮೇಡಂ ಪಕ್ಕ ಕೂತು ಫಾರಂ ತುಂಬಿದೆ. ಭಾಷೆ ಎಂಬಲ್ಲಿ ಆರಿಸಲು ಇದ್ದದ್ದು ಇಂಗ್ಲಿಷ್ ಒಂದೇ. ಮೇಡಂ ಯಾರಿಗೋ ಫೋನ್ ಮಾಡಿ, ಸ್ವಲ್ಪ ಜೋರಾಗಿಯೇ ಮಾತಾಡಿ, ಊಟದ ಹೊತ್ತಿನೊಳಗೆ ಅಲ್ಲಿ ಕನ್ನಡ ಎಂದು ಸೇರಿಸಿದರು. ನನ್ನ ಫೋನಿನ ವೈಫೈ ಆಫ್ ಮಾಡಿ ಲಿಂಕ್ ಒತ್ತಿದೆ. ತೆರೆಯಿತು. ಕ್ಯಾಂಪಸ್ಸಿನ ಗೇಟು ದಾಟಿ ರಸ್ತೆಯಲ್ಲಿ ನಿಂತು ಮತ್ತೊಮ್ಮೆ ಒತ್ತಿದೆ. ತೆರೆಯಿತು.

ಸರ್ ನನ್ನ ಥೀಸಿಸ್‌ಗೆ ಸಹಿ ಹಾಕುವುದು ಆರು ವಾರ ತಡವಾಯಿತು. ಅವರಿಗೆ ಪರೀಕ್ಷೆಯ ಕೆಲಸವೂ ಆಗ ಇತ್ತು. ಎರಡನ್ನೂ ಬರೆದು ಬಿಟ್ಟಿದ್ದೇನೆ. ಯಾವುದು ಕಾರಣವೆಂದು ನಾನು ಹೇಳುವುದಿಲ್ಲ.

ಆ ಭಾನುವಾರ ಬಿಸ್ಕತ್ತಿನ ಡಬ್ಬದೊಂದಿಗೆ ಲೈನಿಗೆ ಹೋದೆ. ರತ್ನಮ್ಮ ತನ್ನ ಫೋನಿನಲ್ಲಿ ತೆರೆದು, ಕನ್ನಡದ ಎರಡು ಪುಟವನ್ನು ಮನೆ ಮುಂದೆ ನಿಂತು ಗಟ್ಟಿಯಾಗಿ ಓದಿದಳು. ಗಾಳಿಗೆ ಸೆರಗು ಬಾಯಿಗೆ ಬಂದು ಬಡಿಯುತ್ತಿತ್ತು. ಆಮೇಲೆ ಕೋಷ್ಟಕಕ್ಕೆ ಬಂದಳು. ತನ್ನ ಬಿಲ್ಲೆ ನೋಡಿ ಹದಿನೇಳನೆಯ ಸಾಲು ಹುಡುಕಿ, "ಐತೆ" ಎಂದಳು. ಬಿಲ್ಲೆ ಇಟ್ಟುಕೊಂಡ ಇಪ್ಪತ್ತಮೂರು ಮನೆಯವರು ತಮ್ಮ ತಮ್ಮ ಸಾಲು ಹುಡುಕಿಕೊಂಡರು. ಮರ್ಯಾದೆಗೆ ವಾಪಸು ಕೊಟ್ಟ ಹತ್ತೊಂಬತ್ತು ಮನೆಯವರು ಬರಿಗೈಯಲ್ಲಿ ನಿಂತಿದ್ದರು. ಪಟ್ಟಿ ಹರಿದದ್ದನ್ನು ಅವರಿಗೆ ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಸೆಲ್ವಿ ಡಬ್ಬವನ್ನು ಚಾಪೆಯ ಮೇಲೆ ಸುರಿದು ಬಿಲ್ಲೆಗಳನ್ನು ಮಗುಚತೊಡಗಿದಳು. ನಾನು ವರ್ಷವೆಲ್ಲ ನಂಬರು ನೋಡುತ್ತಿದ್ದೆ. ಅವರು ಯಾರೂ ನಂಬರು ನೋಡಿಯೇ ಇರಲಿಲ್ಲ, ಹಿಂದಿನ ಬಣ್ಣ ನೋಡಿದ್ದರು. "ಹಸು ಕಣ್ಣು ದಾನ್, ಅದೇ ನಮ್ದು" ಎಂದು ತುಪ್ಪದ ಡಬ್ಬದ ಚೂರೊಂದನ್ನು ಎತ್ತಿಕೊಂಡಳು. 'ನಮ್ದು ನೀಲಿ ಗೆರೆ', 'ನಮ್ದು ಸೂರ್ಯನ ಅರ್ಧ' ಎನ್ನುತ್ತ ಒಬ್ಬೊಬ್ಬರೇ ಕೈ ಹಾಕಿದರು. ಹತ್ತೊಂಬತ್ತರಲ್ಲಿ ಹದಿನೇಳು ಬಿಲ್ಲೆ ಹತ್ತು ನಿಮಿಷದಲ್ಲಿ ಮನೆ ಸೇರಿದವು. ಉಳಿದದ್ದು ಜಗಳ. ಎದುರು ಲೈನಿನ ಗೋವಿಂದಣ್ಣ, ಹಸುವಿನ ಕಣ್ಣು ತನ್ನದೆಂದ.

"ಲೇ ಸೆಲ್ವಿ, ಕೊಡ್ ಇಲ್ಲಿ. ಒಂದೊರ್ಷ ದೇವ್ರ ಫೋಟೋ ಪಕ್ಕ ಇಟ್ಟಿದ್ದೋನು ನಾನು."

"ಪೋಯ್ಯಾ! ಡ್ರಾಯರ್ ತೆಗೆದಾಗೆಲ್ಲ ನನ್ನೇ ನೋಡ್ತಿತ್ತು ಅದು."

ಚಿನ್ನಪ್ಪ ಕೆಮ್ಮಿ ಹೇಳಿದ: "ಡಬ್ಬಕ್ಕೆ ಎರಡು ಮಗ್ಗುಲು ಕಣ್ರಲಾ. ಎರಡು ಹಸ, ಎರಡು ಕಣ್ಣು." ಚಾಪೆಯ ಮೇಲೆ ಎರಡನೆಯ ಕಣ್ಣು ಸಿಕ್ಕಿತು. ಒಂದರ ನಂಬರು ಒಂಬತ್ತು, ಇನ್ನೊಂದರದು ಮೂವತ್ತೊಂದು. ಯಾವ ಕಣ್ಣು ಯಾರದು? ರತ್ನಮ್ಮ ಫೋನ್ ಎತ್ತಿದಳು. ಕೋಷ್ಟಕದಲ್ಲಿ ಅಡುಗೆಮನೆ ಯಾವ ದಿಕ್ಕಿಗೆ ಎಂಬ ಕಾಲಮ್ಮು ಇತ್ತು. ಒಂಬತ್ತು, ಪೂರ್ವ. ಮೂವತ್ತೊಂದು, ಪಶ್ಚಿಮ. ಸೆಲ್ವಿಯ ಅಡುಗೆಮನೆ ಪಶ್ಚಿಮಕ್ಕೆ. ಅವಳ ಕೈಯಲ್ಲಿದ್ದದ್ದು ಒಂಬತ್ತು. ಬದಲಾಯಿಸಿಕೊಂಡರು. ಗೋಪ್ಯತೆಯ ಸಮಿತಿಯವರು ಆಗ ಅಲ್ಲಿದ್ದಿದ್ದರೆ ಏನನ್ನುತ್ತಿದ್ದರೋ. ನನ್ನ ಲೇಖನವನ್ನು ಅಷ್ಟು ಜನ ಅಷ್ಟು ಗಮನವಿಟ್ಟು ಓದಿದ್ದು ಆಮೇಲೆ ಎಂದೂ ಆಗಿಲ್ಲ.

ಎಲ್ಲ ಮುಗಿದ ಮೇಲೆ ನಾನು ಹಲಗೆಯ ಕಡೆ ನೋಡಿದೆ. ಮಾತಿನ ಪ್ರಕಾರ ಈಗ ಬಿಲ್ಲೆಗಳು ಮೊಳೆಗೆ ಹೋಗಬೇಕು. ಯಾರೂ ಕೊಡಲಿಲ್ಲ. "ಕೊಟ್ಬುಟ್ರೆ ನಮ್ ಸಾಲು ಎಂಗೆ ಗೊತ್ತಾಗ್ಬೇಕು?" ಎಂದಳು ರತ್ನಮ್ಮ. ಎಲ್ಲರೂ ಚಿನ್ನಪ್ಪನ ಮುಖ ನೋಡಿದರು. ಅವನು ಖಾಲಿ ಹಲಗೆಯನ್ನು ನೋಡುತ್ತ ಕೂತ. ಬದುಕಿನುದ್ದಕ್ಕೂ ಹಲಗೆ ಖಾಲಿಯಿದ್ದರೆ ಅನ್ನ ಇಳಿಯದ ಮನುಷ್ಯ. "ಇರ್ಲಿ ಬುಡು," ಎಂದ ಕೊನೆಗೆ, "ಓದೋ ತನಕ ಇಟ್ಕಳ್ಳಿ."

ಎಂಜಿನಿಯರು ಲಿಂಕ್ ಒತ್ತಿದ, ತೆರೆಯಿತು, ಫೈಲಿಗೆ ಹಾಕಿದ. ಇಲ್ಲಿ ಸೆಮಿನಾರಿನಲ್ಲಿ ಚಪ್ಪಾಳೆ ಬೀಳುತ್ತದೆ. ಮೊದಲ ಸಲ ಹಾಕಿದ ಗಿಡಗಳನ್ನು ಮೇಕೆಗಳು ತಿಂದವು ಎಂದು ನಾನು ಅಲ್ಲಿ ಹೇಳುವುದಿಲ್ಲ. ಎರಡನೆಯ ಸಲ ಮುಳ್ಳು ಕಟ್ಟಿ ಹಾಕಿದರು. ಹುಲ್ಲು ಒಂದು ಕಡೆ ಹತ್ತಿತು, ಒಂದು ಕಡೆ ಹತ್ತಲಿಲ್ಲ.

ಮಾರಿಕುಪ್ಪಂ ಗಾಡಿ ಬಂತು, ಬೆಂಚಿನಿಂದ ಎದ್ದು ಹತ್ತಿದೆ, ಊರಿಗಾಂನಲ್ಲಿ ಇಳಿದೆ. ಮತ್ತೆ ಆಷಾಢ. ಹುಲ್ಲು ಬಂದ ಮೇಲೆ ಧೂಳು ಕಡಿಮೆಯಾಯಿತೋ ಇಲ್ಲವೋ ಅಳೆಯಬೇಕೆಂದು ನಾನು ಈ ಸಲ ಬಂದದ್ದು. ಅಥವಾ ರತ್ನಮ್ಮ ಮೂರು ತಿಂಗಳಿಂದ ಫೋನ್ ಮಾಡುತ್ತಿದ್ದದ್ದಕ್ಕೆ ಬಂದೆ. ಅವಳ ಮನೆಯ ಒಳಗೆ ಕಾಲಿಟ್ಟರೆ ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಟೀಲ್ ತಟ್ಟೆ ಆಗಲೇ ಕೂತಿದ್ದವು. ಪ್ರತಿ ತಟ್ಟೆಯ ಪಕ್ಕ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹದಿನೇಳು.

"ಎಲ್ಲಾರ ಮನೇಲೂ ಇಕ್ಕೈತೆ. ಸೋಮವಾರದಿಂದ. ಸೆಲ್ವಿ ಮನೆ ತಟ್ಟೆ ಒಂದ್ ಬೆಕ್ಕು ಬೀಳಿಸ್ತು, ಅದನ್ನ ಬರ್ಕೊ."

ಚಿನ್ನಪ್ಪನಿಗೆ ಈಗ ಕಣ್ಣು ಮಂಜು. ಕೈ ಚಾಚಿದ. ಪರ್ಸಿನಿಂದ ಬಿಲ್ಲೆ ತೆಗೆದು ಕೊಟ್ಟೆ. ಹೆಬ್ಬೆರಳಿನಿಂದ ಚುಕ್ಕಿಗಳನ್ನು ಸವರಿ ನಂಬರು ಓದಿದ. ಹಲಗೆಗೆ ಹಾಕಲಾ ತಾತ ಎಂದು ಕೇಳಿದೆ.

"ಈಗ ತಾನೆ ಇಳೀತಾ ಇದೀಯ, ಎಂಗ್ ಆಕ್ತೀಯಾ?" ಬಿಲ್ಲೆ ನನ್ನ ಕೈಗೇ ಬಂತು.

ರತ್ನಮ್ಮ ಟೀ ಲೋಟ ತಂದಿಟ್ಟು ಎದುರಿಗೆ ಕೂತಳು. "ಒಂದ್ ಮಾತು. ಈ ಸರ್ತಿ ಎಲ್ಲಾದ್ರೂ ಸೈನ್ ಆಕೋ ಮುಂಚೆ ಆ ಕಾಗ್ದ ನಂಗ್ ಓದಿ ಏಳ್ಬೇಕು. ಗಾಡೀಲಿ. ಬಂಗಾರಪೇಟೆ ಬರೋದ್ರೊಳಗೆ ಓದಿ ಮುಗೀಲಿಲ್ಲಾಂದ್ರೆ ಸೈನ್ ಆಕ್ಲೇಬ್ಯಾಡ."

ನನ್ನ ಬ್ಯಾಗಿನಲ್ಲಿ ಅಂಥದೊಂದು ಕಾಗದ ಆಗಲೇ ಇತ್ತು. ನಸ್ರೀನ್ ಮೇಡಂ ಹುಡುಕಿಕೊಟ್ಟ ಪತ್ರಿಕೆಯ ಒಪ್ಪಂದದ ಖಾಲಿ ನಮೂನೆ, ಬರೆಯುವವರಿಗೂ ಓದುವವರಿಗೂ ಬೀಗವಿಲ್ಲ ಎಂದು ಹೇಳಿದ್ದರು. ಹೇಳಿದ್ದರು, ನಾನಿನ್ನೂ ಓದಿರಲಿಲ್ಲ. ಹೊರಗೆ ತೆಗೆದು ಪುಟ ಎಣಿಸಿದೆ. ಏಳು.

"ಓದು," ಎಂದಳು ರತ್ನಮ್ಮ.